ತಾತನ ಕೈ ಬಂದಿದೆ ಅಂದುಕೊಂಡಿದ್ದೆವು

ನಮ್ಮ ಮಾವ ಎಡಚರು. ಊಟ ಒಂದು ಬಿಟ್ಟು ಉಳಿದಿದ್ದೆಲ್ಲ ಎಡಗೈಯಲ್ಲೇ. ಹಾಗಾಗಿ ಮಗ ಐದನೇ ತಿಂಗಳಿಗೇ ಗಿಲಕಿಯನ್ನು ಎಡಗೈಯಿಂದ ಕಸಿದುಕೊಳ್ಳೋಕೆ ಶುರು ಮಾಡಿದಾಗ ಮನೆಯವರಿಗೆಲ್ಲ ಖುಷಿ. 'ತಾತನ ಕೈ ಬಂದಿದೆ' ಅಂತ ಮಾವ ಬಂದವರಿಗೆಲ್ಲ ತೋರಿಸುತ್ತಿದ್ದರು. ನಾನೂ ವಿಡಿಯೋ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಈಗ ಅದನ್ನು ನೋಡಿದರೆ ಕಣ್ಣು ಹೋಗುವುದು ಬಲಗೈ ಮೇಲೆ. ಹೆಬ್ಬೆರಳನ್ನು ಒಳಗೆ ಮಡಚಿ, ಮುಷ್ಟಿ ಬಿಗಿದುಕೊಂಡು ಸುಮ್ನೆ ಬಿದ್ದಿದೆ.

ಮೊದಲು ಗೊತ್ತಾಗಿದ್ದು ಅತ್ತೆಗೆ. ದಿನಾ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವರು ಅವರೇ. 'ಈ ಮುಷ್ಟಿ ಬಿಡಿಸೋದೇ ಒಂದು ಕೆಲಸ ಕಣಮ್ಮ, ಒಳಗೆಲ್ಲ ಕೊಳೆ ಕೂತಿರುತ್ತೆ' ಎನ್ನುತ್ತಿದ್ದರು. ನಿಜ. ಬೆರಳು ಒಂದೊಂದಾಗಿ ಬಿಡಿಸಿದರೆ ಅಂಗೈ ಗೆರೆಯಲ್ಲಿ ಬಟ್ಟೆಯ ನೂಲು, ಹುಳಿ ಬಂದ ಹಾಲಿನ ವಾಸನೆ. ಎಡಗೈ ಯಾವಾಗಲೂ ಚೊಕ್ಕಟ.

ಏಳನೇ ತಿಂಗಳಲ್ಲಿ ಡಾಕ್ಟರ್ ಒಬ್ಬರಿಗೆ ತೋರಿಸಿದೆವು. 'ಗಂಡು ಮಕ್ಕಳು ಸ್ವಲ್ಪ ನಿಧಾನ, ಕಾಯಿರಿ' ಅಂದರು. ಕಾದೆವು. ದಿನ ತುಂಬಿ ಹುಟ್ಟಿದ್ದ, ಹುಟ್ಟಿದ ತಕ್ಷಣ ಅತ್ತಿದ್ದ. ತಿಂಗಳು ತುಂಬದೆ ಹುಟ್ಟಿದವರಿಗೆ, ಹುಟ್ಟುವಾಗ ಉಸಿರು ಕಟ್ಟಿದವರಿಗೆ ಮಾತ್ರ ಸೆರೆಬ್ರಲ್ ಪಾಲ್ಸಿ (ಸಿಪಿ), ಅಂದರೆ ಎಳೆಯ ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ತೊಂದರೆ, ಬರೋದು ಅಂತ ನಾನೂ ತಿಳಿದಿದ್ದೆ.

ಒಂಬತ್ತು ತಿಂಗಳ ಲಸಿಕೆಗೆ ಹೋದಾಗ ಸಿಸ್ಟರ್ ಒಬ್ಬರು ಅವನ ಬಲಗಡೆ ಬಿಸ್ಕತ್ತು ಹಿಡಿದರು. ಇವನು ಎಡಗೈಯನ್ನು ಇಡೀ ಮೈ ದಾಟಿಸಿ ಕಿತ್ತುಕೊಂಡ. ನಾನು ನಕ್ಕೆ, ಅವರು ನಗಲಿಲ್ಲ. 'ವರ್ಷ ತುಂಬೋವರೆಗೂ ಮಕ್ಕಳು ಎಡಚರೂ ಅಲ್ಲ, ಬಲಚರೂ ಅಲ್ಲ. ಎರಡೂ ಕೈ ಆಡಬೇಕು. ಒಂದೇ ಕೈ ಆಡ್ತಿದೆ ಅಂದ್ರೆ ಇನ್ನೊಂದನ್ನ ನೋಡಬೇಕು' ಅಂದು ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿಂದ ಬೆಂಗಳೂರಿಗೆ, ಮಕ್ಕಳ ನರರೋಗ ತಜ್ಞರ ಹತ್ತಿರ.

ಸಿಪಿ ಇದೆಯೋ ಇಲ್ಲವೋ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ ಅಂದುಕೊಂಡಿದ್ದೆ. ಇದಕ್ಕೆ ಅಂಥದ್ದೊಂದು ಪರೀಕ್ಷೆಯೇ ಇಲ್ಲವಂತೆ. ಡಾಕ್ಟರ್ ಚಾಪೆ ಮೇಲೆ ಕೂತು ಅವನ ಜೊತೆ ಆಡಿದ ಹಾಗಿತ್ತು. ಕೈ ಹಿಡಿದು ಎಬ್ಬಿಸಿದರು, ಪಾದ ಮಡಚಿ ನೋಡಿದರು, ಕೂರಿಸಿ ಪಕ್ಕಕ್ಕೆ ವಾಲಿಸಿದರು. ಕೂಸುಗಳ ನರಗಳ ಕೆಲಸ ನೋಡುವ ಹ್ಯಾಮರ್‌ಸ್ಮಿತ್ ಪರೀಕ್ಷೆ ಅಂತೆ, ಒಟ್ಟು 26 ಅಂಶ, 78 ಅಂಕ. ಕೊನೆಗೆ ಹೊಟ್ಟೆ ಹಿಡಿದೆತ್ತಿ, ತಲೆ ಮುಂದಾಗಿ ಮೇಜಿನ ಕಡೆಗೆ ಸರ್ರನೆ ಇಳಿಸಿದರು. ಎಡಗೈ ಬೀಳದ ಹಾಗೆ ತಟ್ಟನೆ ಮುಂದೆ ಚಾಚಿತು. ಬಲಗೈ ಎದೆಗೆ ಅಂಟಿಕೊಂಡೇ ಇತ್ತು. ಡಾಕ್ಟರ್ ಬಾಯಿ ಬಿಡುವ ಮುಂಚೆಯೇ ನನಗೆ ಗೊತ್ತಾಗಿಹೋಯಿತು.

ಎಂಆರ್‌ಐಗೆ ಬೆಳಗಿನ ಜಾವದಿಂದ ಹಾಲಿಲ್ಲ. ಔಷಧಿ ಕೊಟ್ಟು ಮಲಗಿಸುವ ಹೊತ್ತಿಗೆ ಅತ್ತೂ ಅತ್ತೂ ಅವನೇ ಮಲಗಿಬಿಟ್ಟಿದ್ದ. ಮೆದುಳಿನ ಎಡಭಾಗದಲ್ಲಿ ಹಳೆಯ ಗಾಯ. ಹುಟ್ಟುವ ಆಸುಪಾಸಿನಲ್ಲಿ ರಕ್ತನಾಳ ಕಟ್ಟಿಕೊಂಡು ಆದದ್ದು. ಪಾರ್ಶ್ವವಾಯು ಕೂಸಿಗೂ ಹೊಡೆಯುತ್ತೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಕೆಲವು ಮಕ್ಕಳಿಗೆ ಸ್ಕ್ಯಾನ್ ಸರಿಯಾಗಿದ್ದರೂ ಸಿಪಿ ಇರಬಹುದಂತೆ. ಅದಕ್ಕೇ ಚಾಪೆ ಮೇಲಿನ ಆಟಕ್ಕೆ ಅಷ್ಟು ಬೆಲೆ.

ಮೂರರಿಂದ ಐದು ತಿಂಗಳೊಳಗೆ ಮಗು ಅಂಗಾತ ಮಲಗಿ ತನ್ನಷ್ಟಕ್ಕೆ ಕೈಕಾಲು ಆಡಿಸುವ ವಿಡಿಯೋ ನೋಡಿಯೇ ತರಬೇತಿ ಪಡೆದವರು ಎಷ್ಟೋ ಹೇಳಬಲ್ಲರಂತೆ. ಗಿಲಕಿ ತೋರಿಸಬಾರದು, ಮಾತಾಡಿಸಬಾರದು. ನನ್ನ ಫೋನಿನಲ್ಲಿ ಆ ವಯಸ್ಸಿನ ವಿಡಿಯೋ ಬೇಕಾದಷ್ಟಿವೆ. ಎಲ್ಲದರಲ್ಲೂ ಗಿಲಕಿ ಆಡಿಸುತ್ತಾ ಕಿರುಚುತ್ತಿರುವವಳು ನಾನೇ!

'ಇದು ಜಾಸ್ತಿ ಆಗ್ತಾ ಹೋಗುತ್ತಾ ಡಾಕ್ಟ್ರೇ?' ಅಂತ ಅತ್ತೆ ಕೇಳಿದರು. ಮೆದುಳಿನ ಗಾಯ ಬೆಳೆಯಲ್ಲ, ಆದರೆ ಕೈಯನ್ನು ಹಾಗೇ ಬಿಟ್ಟರೆ ಬಿಗಿಯುತ್ತಾ ಹೋಗುತ್ತೆ, ಇವತ್ತಿನಿಂದಲೇ ಆಡಿಸಿ ಅಂದರು.

ಈಗ ಥೆರಪಿಸ್ಟ್ ಹೇಳಿದ ಹಾಗೆ ದಿನಾ ಬೆಳಿಗ್ಗೆ ಅರ್ಧ ಗಂಟೆ ಅವನ ಎಡಗೈಗೆ ಕಾಲುಚೀಲ. ಬಲಗೈ ಮುಂದೆ ಬಾಳೆಹಣ್ಣಿನ ಚೂರು. ಒಬ್ಬನಿಗೇ ಯಾಕೆ ಶಿಕ್ಷೆ ಅಂತ ಮಾವನೂ ತಮ್ಮ ಎಡಗೈಗೆ ಒಂದು ಹಾಕಿಕೊಂಡು ಎದುರಿಗೆ ಕೂರುತ್ತಾರೆ. ನಿನ್ನೆ ಚೀಲವನ್ನು ಹಲ್ಲಲ್ಲಿ ಕಚ್ಚಿ ಕಿತ್ತುಹಾಕಿದ್ದು ಮೊಮ್ಮಗ. ಅದರ ಹಿಂದೆಯೇ ತಾತನದ್ದೂ ಹೋಯಿತು.