ಸಂಬಳ ಸರಿಯಾಗಿ ಬರುತ್ತಿದೆ, ಆದರೂ ಕೆಲಸದಲ್ಲಿ ಮನಸ್ಸೇಕೆ ನಿಲ್ಲುತ್ತಿಲ್ಲ?

"ಸರಿಯಾಗಿ ಮಾಡಿದರೆ ಬಾಸ್ ತುಟಿ ಬಿಚ್ಚಲ್ಲ, ತಪ್ಪಾದರೆ ಮಾತ್ರ ಕರೀತಾರೆ. ಸಂಬಳಕ್ಕೇನೂ ಕೊರತೆಯಿಲ್ಲ, ಆದರೂ ಕೆಲಸದಲ್ಲಿ ಮನಸ್ಸು ನಿಲ್ಲಲ್ಲ. ನಂದೇ ಅತಿಯಾಯ್ತಾ?" ನೌಕರಿಯ ವಿಷಯ ಬರೆಯುವವರನ್ನು ಜನ ಬಿಡದೆ ಕೇಳುವ ಪ್ರಶ್ನೆಯಿದು.

ಅತಿಯೇನಲ್ಲ. ಮನುಷ್ಯರ ನಡವಳಿಕೆಯನ್ನು ಅಧ್ಯಯನ ಮಾಡುವ ಡ್ಯಾನ್ ಏರಿಯಲಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೋಡಿ. ಅಕ್ಷರ ತುಂಬಿದ ಹಾಳೆಯಲ್ಲಿ ಜೋಡಿ ಅಕ್ಷರ ಹುಡುಕುವ ಕೆಲಸ. ಹಾಳೆಯಿಂದ ಹಾಳೆಗೆ ಕೂಲಿ ಇಳಿಯುತ್ತದೆ, ಸಾಕೆನಿಸಿದಾಗ ನಿಲ್ಲಿಸಬಹುದು. ಒಂದು ಗುಂಪಿನವರು ಹಾಳೆ ಮೇಲೆ ತಮ್ಮ ಹೆಸರು ಬರೆದು ಕೊಟ್ಟರು. ತೆಗೆದುಕೊಂಡವರು ಅದರ ಮೇಲೆ ಕಣ್ಣಾಡಿಸಿ ಫೈಲಿಗೆ ಸೇರಿಸಿದರು. ಎರಡನೆಯ ಗುಂಪಿನ ಹಾಳೆಗಳನ್ನು ನೋಡದೆಯೇ ಪಕ್ಕಕ್ಕಿಟ್ಟರು. ಮೂರನೆಯದನ್ನು ಕಣ್ಣೆದುರೇ ಯಂತ್ರಕ್ಕೆ ಹಾಕಿ ಚೂರು ಮಾಡಿದರು. ಮೊದಲ ಗುಂಪು ಸರಾಸರಿ 9 ಹಾಳೆ ಮಾಡಿತು, ಎರಡನೆಯದು ಸುಮಾರು 6.8, ಮೂರನೆಯದು 6.3. ಅಂದರೆ ಕೆಲಸವನ್ನು ನೋಡದಿರುವುದು ಅದನ್ನು ಹರಿದು ಹಾಕಿದ್ದಕ್ಕೆ ಹೆಚ್ಚುಕಡಿಮೆ ಸಮ. ಮೊದಲ ಗುಂಪನ್ನೂ ಯಾರೂ ಹೊಗಳಿರಲಿಲ್ಲ ಎಂಬುದನ್ನು ಗಮನಿಸಿ.

ಹುರುಪು ಇಳಿದಾಗ ಮೊದಲು ನಿಲ್ಲುವುದು ಯಾರೂ ಲೆಕ್ಕ ಇಡದ ಕೆಲಸ: ಕಳಿಸುವ ಮುನ್ನ ಇನ್ನೊಮ್ಮೆ ತಾಳೆ ನೋಡುವುದು, ಹೊಸಬರಿಗೆ ಹೇಳಿಕೊಡುವುದು, ಎಡವಟ್ಟಾಗುವ ಸುಳಿವು ಸಿಕ್ಕಾಗಲೇ ಬಾಯಿಬಿಡುವುದು. ಹಾಜರಿ, ಗಡುವು ಎಲ್ಲ ಮೊದಲಿನಂತೆಯೇ ಇರುತ್ತವೆ. ಹಾಗಾಗಿ ಮೇಲಿನವರಿಗೆ ಬಹುಕಾಲ ಏನೂ ಕಾಣುವುದಿಲ್ಲ. ಇದರ ಮೇಲೆ ಇನ್ನೊಂದು ಭ್ರಮೆ. ತೀರಾ ಕೆಟ್ಟದಾಗಿ ಆದ ಕೆಲಸದ ನಂತರದ್ದು ಸಾಮಾನ್ಯವಾಗಿ ಸ್ವಲ್ಪ ಸುಧಾರಿಸಿಯೇ ಇರುತ್ತದೆ, ಬೈದರೂ ಬೈಯದಿದ್ದರೂ. ಬೈದವರು ಮಾತ್ರ ಅದು ಬೈಗುಳದ ಫಲ ಎಂದುಕೊಳ್ಳುತ್ತಾರೆ. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಇದನ್ನು ಇಸ್ರೇಲಿನ ವಾಯುಪಡೆಯ ತರಬೇತುದಾರರಲ್ಲಿ ಗುರುತಿಸಿದ್ದರು.

ಹಾಗೆಂದು ತಪ್ಪು ತೋರಿಸಲೇಬಾರದು ಎಂದಲ್ಲ. ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು 1996ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ, ಫೀಡ್‌ಬ್ಯಾಕ್‌ನಿಂದ ಸರಾಸರಿ ಲಾಭವೇ ಕಂಡಿತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಕೆಟ್ಟಿತ್ತು. ಗಮನ ಕೆಲಸ ಬಿಟ್ಟು ಮನುಷ್ಯನ ಮೇಲೆ ಹೋದಷ್ಟೂ ಫಲ ಕಡಿಮೆ ಎಂಬುದು ಅವರ ವಿವರಣೆ. "ಮೂರನೇ ಪುಟದ ಮೊತ್ತ ತಾಳೆಯಾಗ್ತಿಲ್ಲ" ಎಂದರೆ ಕೈಗೆ ಕೆಲಸ ಸಿಗುತ್ತದೆ. "ನಿಮಗೆ ಜವಾಬ್ದಾರಿಯೇ ಇಲ್ಲ" ಎಂದರೆ ಇಡೀ ದಿನ ಒಳಗೊಳಗೇ ವಾದ ನಡೆಯುತ್ತದೆ. "ನೀವು ಬಹಳ ಬುದ್ಧಿವಂತರು" ಎನ್ನುವುದರಿಂದಲೂ ದೊಡ್ಡ ಉಪಯೋಗವಿಲ್ಲ.

ನೌಕರರು ಮಾಡಬಹುದಾದದ್ದು ಇದೆ. ಕೆಲಸ ಮುಗಿದ ಮೇಲೆ "ಹೇಗಿದೆ?" ಎನ್ನಬೇಡಿ, "ಪರವಾಗಿಲ್ಲ" ಎಂಬುದರಾಚೆ ಏನೂ ಸಿಗದು. ಮೂರನೇ ಒಂದು ಭಾಗ ಆದಾಗಲೇ ತೋರಿಸಿ, ಎರಡೇ ಪ್ರಶ್ನೆ ಕೇಳಿ: ಯಾವುದನ್ನು ಹೀಗೇ ಇಟ್ಟುಕೊಳ್ಳಲಿ? ಯಾವ ಒಂದನ್ನು ಬದಲಿಸಲಿ? ಮೊದಲನೆಯ ಪ್ರಶ್ನೆ ಬಿಡಬೇಡಿ, ಹೊಗಳದ ಬಾಸ್‌ ಬಾಯಿಂದಲೂ ಸರಿಯಾದದ್ದನ್ನು ಹೇಳಿಸುವುದು ಅದೇ. ಉತ್ತರವನ್ನು ಎರಡು ಸಾಲಿನ ಮೇಲ್ ಮಾಡಿ ಕಳಿಸಿ, ಮುಂದಿನ ಸಲ "ನೀವು ಹೇಳಿದ್ದು ಇಲ್ಲಿ ಸೇರಿಸಿದ್ದೇನೆ" ಎಂದು ತೋರಿಸಿ. ಬೈಸಿಕೊಂಡ ಬೆನ್ನಿಗೇ ಅಥವಾ ನಾಲ್ಕು ಜನರೆದುರು ಕೇಳಿದರೆ ಇದು ಕೆಡುತ್ತದೆ. ಸವಾಲು ಹಾಕಿದಂತೆ ಕೇಳಿಸುತ್ತದೆ. ಜೊತೆಗೆ, ನಿಮ್ಮ ಕೆಲಸವನ್ನು ಮುಂದೆ ಬಳಸುವವರು ಯಾರೋ ಅವರನ್ನೂ ವಿಚಾರಿಸಿ. ಎಷ್ಟೋ ಸಲ ಬಾಸ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಎಲ್ಲರೆದುರು ಹೀಯಾಳಿಸುವುದು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ತಾರೀಖು, ಆಡಿದ ಮಾತು, ಅಲ್ಲಿದ್ದವರ ಹೆಸರು ಅವತ್ತೇ ಬರೆದಿಟ್ಟುಕೊಂಡು ಎಚ್‌ಆರ್‌ ಬಳಿ ಲಿಖಿತವಾಗಿ ಹೋಗಬೇಕು.