ಹಕ್ಕಿ ಮರಿ ಸಿಕ್ಕಿದೆ, ಏನು ಕೊಡಬೇಕು?

ಏನೂ ಕೊಡಬೇಡಿ. ಹಾಲು ಬೇಡ, ನೀರು ಬೇಡ, ಅನ್ನ ಬೇಡ, ನೆನೆಸಿದ ಬ್ರೆಡ್ ಬೇಡ. ಮರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದನ್ನು ಓದುತ್ತಿದ್ದರೆ, ಒಂದು ರಟ್ಟಿನ ಪೆಟ್ಟಿಗೆಗೆ ಹಳೆಯ ಬಟ್ಟೆ ಹಾಸಿ ಅದರೊಳಗೆ ಇಡಿ. ಗಾಳಿಯಾಡಲು ನಾಲ್ಕು ತೂತು ಮಾಡಿ, ಮುಚ್ಚಿ, ಮಕ್ಕಳೂ ಬೆಕ್ಕೂ ಬಾರದ ಕೋಣೆಯಲ್ಲಿಟ್ಟು ಬನ್ನಿ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ.

ಕಾಸರಗೋಡಿನ ಬದಿಯಡ್ಕದ ಸುತ್ತಮುತ್ತ 26 ವರ್ಷ ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಡಾಕ್ಟರಲ್ಲ. ಡಾಕ್ಟರರು ಇಂಜೆಕ್ಷನ್ ಕೊಡುವಾಗ ದನದ ಮೂಗುದಾರ ಹಿಡಿಯುತ್ತಿದ್ದವನು, ಆಡಿನ ಗಾಯ ತೊಳೆದು ಮುಲಾಮು ಹಚ್ಚುತ್ತಿದ್ದವನು. ಆದರೂ ಹಕ್ಕಿಯ ವಿಷಯಕ್ಕೆ ಊರವರಿಗೆ ನಾನೇ ಡಾಕ್ಟರ್. ಮನೆಯೊಳಗೆ ಹಾವು ಬಂದರೆ ಯಾರಿಗೆ ಹೇಳಬೇಕೆಂದು ಈಗ ಎಲ್ಲರಿಗೂ ಗೊತ್ತು, ಕೇರಳ ಅರಣ್ಯ ಇಲಾಖೆಯ 'ಸರ್ಪ' ಆ್ಯಪ್ ಮೊಬೈಲಿನಲ್ಲೇ ಇದೆ. ಹಕ್ಕಿ ಬಿದ್ದರೆ ಮಾತ್ರ ನನ್ನ ನಂಬರು. ಚಳಿ ಬಿಟ್ಟಲ್ಲಿಂದ ಮಳೆ ಹಿಡಿಯುವವರೆಗೆ, ಊಟದ ಹೊತ್ತಿಗೆ, ರಾತ್ರಿ ಹತ್ತು ಗಂಟೆಗೆ, ಪೆರ್ಲದಿಂದ, ಮುಳ್ಳೇರಿಯದಿಂದ, ಗಡಿಯಾಚೆಯ ಅಡ್ಯನಡ್ಕದಿಂದ. ಎಲ್ಲರದೂ ಒಂದೇ ಮಾತು: "ಅಣ್ಣ, ಹಕ್ಕಿ ಮರಿ ಸಿಕ್ಕಿದೆ. ಏನು ಕೊಡಬೇಕು?"

ಆ 'ಸಿಕ್ಕಿದೆ' ಕೇಳಿದರೆ ನನಗೆ ಸಿಟ್ಟು ಬರುತ್ತದೆ. ದಾರಿಯಲ್ಲಿ ಬಿದ್ದ ಪರ್ಸು ಸಿಗುತ್ತದೆ. ತಂದೆ ತಾಯಿ ಇರುವ ಮರಿ ಹೇಗೆ ಸಿಗುತ್ತದೆ? ಎಲ್ಲಿತ್ತು ಎಂದು ಕೇಳಿದರೆ, "ಬೇಲಿಯ ಬುಡದಲ್ಲಿತ್ತು, ಪಾಪ, ಒಂಟಿಯಾಗಿತ್ತು, ಮನೆಗೆ ತಂದೆವು" ಎನ್ನುತ್ತಾರೆ. ಒಂಟಿಯಾಗಿರಲಿಲ್ಲ. ತಾಯಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಹತ್ತು ಮಾರು ದೂರದಲ್ಲಿ ಕುಳಿತಿತ್ತು. ನೀವು ಅಲ್ಲಿ ನಿಂತಿದ್ದಿರಿ ಎಂಬ ಕಾರಣಕ್ಕೆ ಹತ್ತಿರ ಬರಲಿಲ್ಲ. ಫೋನಿನ ಹಿಂದುಗಡೆ ಅದು ಕೂಗುವುದು ಎಷ್ಟೋ ಸಲ ನನಗೆ ಕೇಳಿಸಿದೆ, ಮಾತನಾಡುವವರಿಗೆ ಕೇಳಿಸಿರುವುದಿಲ್ಲ.

ಮೈತುಂಬ ಗರಿ ಬಂದಿದೆ, ಬಾಲ ಮೋಟು, ಕುಪ್ಪಳಿಸುತ್ತದೆ, ಹಾರಲು ಹೋಗಿ ಬೀಳುತ್ತದೆ. ಅಂಥದ್ದಕ್ಕೆ ರೆಕ್ಕೆ ಮುರಿದಿದೆ ಎಂದುಕೊಳ್ಳುತ್ತೀರಿ. ಮುರಿದಿಲ್ಲ. ಪಿಕಳಾರದ (ಬುಲ್‌ಬುಲ್) ಮರಿ ಮೊಟ್ಟೆಯೊಡೆದು ಎರಡು ವಾರ ತುಂಬುವ ಮೊದಲೇ ಗೂಡು ಬಿಡುತ್ತದೆ, ಆಗ ಅದಕ್ಕೆ ಹಾರಾಟ ಸರಿಯಾಗಿ ಬಂದಿರುವುದಿಲ್ಲ. ದೊಡ್ಡದಕ್ಕಿರುವ ಕಣ್ಣಿನ ಹಿಂದಿನ ಕೆಂಪು ಬೊಟ್ಟೂ ಮೂಡಿರುವುದಿಲ್ಲ. ದಾಸವಾಳದ ಗಿಡದಿಂದ ನೆಲಕ್ಕೆ, ನೆಲದಿಂದ ಕ್ರೋಟನ್ನಿಗೆ ಹಾರಿ ಬಿದ್ದು ಅದು ಕಲಿಯುತ್ತಿರುವಾಗ ತಂದೆ ತಾಯಿ ಇಬ್ಬರೂ ಹಿಂದೆಯೇ ಓಡಾಡಿ ತಿನ್ನಿಸುತ್ತವೆ. ಅಂಥ ಮರಿಯನ್ನು ಹತ್ತಿರದ ಗಿಡದ ಮೇಲೆ ಕೂರಿಸಿ, ಬೆಕ್ಕನ್ನು ಒಳಗೆ ಕಟ್ಟಿ, ನೀವೂ ಒಳಗೆ ಹೋಗಿ. ಗದ್ದೆ ಬದಿಯಲ್ಲಿ ಇದ್ದಿಲಿನಂತೆ ಕಪ್ಪಗೆ ಓಡುವ ಹುಂಡುಕೋಳಿ ಮರಿಯನ್ನು ಕಾಗೆ ಮರಿಯೆಂದು ಹಿಡಿದು ತರುವವರಿಗೂ ಇದೇ ಮಾತು. ಅದು ಹುಟ್ಟಿದಾಗಲೇ ಓಡುವ ಜಾತಿ.

ಇಷ್ಟು ಹೇಳಿದರೆ ನನ್ನನ್ನು ಕಲ್ಲೆದೆಯವನು ಎನ್ನುತ್ತಾರೆ. "ಅಲ್ಲೇ ಬಿಟ್ಟರೆ ಕಾಗೆ ತಿನ್ನುತ್ತದೆ" ಎನ್ನುತ್ತಾರೆ. ತಿನ್ನಬಹುದು, ಕೆಂಬೂತವೂ ತಿನ್ನಬಹುದು, ಕೇರೆ ಹಾವೂ. ಆದರೆ ನಿಮ್ಮ ಮನೆಯ ಶೂ ಡಬ್ಬಿಯಲ್ಲಿ ಅದಕ್ಕೆ ಬದುಕುವ ದಾರಿ ಇನ್ನೂ ಕಿರಿದು. ನನ್ನ ಬಳಿಗೆ ಬಂದ ಶೂ ಡಬ್ಬಿಗಳನ್ನೆಲ್ಲ ತೆರೆದು ನೋಡಿದವನು ನಾನು.

ನಾಲ್ಕು ವರ್ಷದ ಹಿಂದೆ ಮೇ ತಿಂಗಳಲ್ಲಿ ಒಂದು ಮನೆಗೆ ಉಪನಯನದ ಊಟಕ್ಕೆ ಹೋಗಿದ್ದೆ. ಜನ ಹೆಚ್ಚಾಗಬಹುದೆಂದು ಬೆಳಿಗ್ಗೆ ಚಪ್ಪರ ಇನ್ನಷ್ಟು ಮುಂದಕ್ಕೆ ಎಳೆದಿದ್ದರು. ಕಂಬ ನೆಡಲು ಅಡ್ಡವಾಯಿತೆಂದು ಅಂಗಳದ ಬದಿಯ ಕ್ರೋಟನ್ ಬೇಲಿಯನ್ನು ಕತ್ತಿಯಿಂದ ಸವರಿದ್ದರು. ನಾನು ಹೋಗುವಾಗ ಜಗಲಿಯಲ್ಲಿ ಹತ್ತಿಪ್ಪತ್ತು ಜನರ ಗುಂಪು. ನಡುವೆ ಒಂದು ಬಾಳೆ ಎಲೆಯ ತುಂಡಿನ ಮೇಲೆ ಬೇರು ನಾರುಗಳ ಗೂಡು, ಅದರಲ್ಲಿ ಮೂರು ಪಿಕಳಾರದ ಮರಿಗಳು. ಕಣ್ಣು ಆಗಷ್ಟೇ ಬಿಟ್ಟಿದ್ದವು, ರೆಕ್ಕೆಯಲ್ಲಿ ಗರಿ ಇನ್ನೂ ಮುಳ್ಳಿನಂತೆ ಕೊಳವೆಯೊಳಗೇ ಇತ್ತು. ಒಬ್ಬರು ಮೈಸೂರು ಬಾಳೆಹಣ್ಣು ಎಂದರು, ಒಬ್ಬರು ಸಕ್ಕರೆ ನೀರು ಎಂದರು. ಒಬ್ಬ ಹಿರಿಯರು, "ಮುಟ್ಟಿದಿರಲ್ಲ, ಇನ್ನು ತಾಯಿ ಸೇರಿಸುವುದಿಲ್ಲ" ಎಂದು ತೀರ್ಪು ಕೊಟ್ಟೇ ಬಿಟ್ಟರು. ಈ ಒಂದು ಮಾತಿನಿಂದ ಎಷ್ಟು ಮರಿಗಳು ಮನೆ ಕಳೆದುಕೊಂಡವೋ. ಹಕ್ಕಿಗಳು ತಮ್ಮ ಮರಿಯನ್ನು ಗುರುತಿಸುವುದು ಕಣ್ಣಿನಿಂದ, ಕೂಗಿನಿಂದ. ನಿಮ್ಮ ಕೈಯ ವಾಸನೆ ಹಿಡಿದು ಯಾವ ಪಿಕಳಾರವೂ ಮರಿಯನ್ನು ತೊರೆಯುವುದಿಲ್ಲ.

ನಾನು ಚಪ್ಪಲಿ ಕಳಚಿ ಜಗಲಿ ಹತ್ತುವಷ್ಟರಲ್ಲಿ ಒಬ್ಬಾಕೆ ಪಂಚಪಾತ್ರೆಯ ಉದ್ಧರಣೆಯಲ್ಲಿ ಹಾಲು ತೆಗೆದು ಒಂದು ಮರಿಯ ಬಾಯಿಗೆ ಹೊಯ್ದಾಗಿತ್ತು. ಒಳ್ಳೆಯ ಮನಸ್ಸಿನಿಂದಲೇ. ಬಾಯಿ ತೆರೆದಿತ್ತಲ್ಲ, ಹಸಿದಿರಬೇಕು ಎಂದು. ಮರಿ ತಲೆ ಕೊಡವಿತು. ಕೊಕ್ಕಿನ ಮೇಲಿನ ಎರಡು ಮೂಗಿನ ತೂತುಗಳಲ್ಲಿ ಹಾಲು ಬಿಳಿ ಗುಳ್ಳೆಯಾಗಿ ಬಂತು, ಒಡೆಯಿತು, ಮತ್ತೆ ಬಂತು. ನಾನು ತಲೆ ಕೆಳಗೆ ಮಾಡಿ ಹಿಡಿದೆ, ಬಟ್ಟೆಯ ತುದಿಯಿಂದ ಒರೆಸಿದೆ. ಅಂಗೈಯಲ್ಲಿ ಅದರ ಎದೆ ಬಡಿದುಕೊಳ್ಳುವುದು ಗಡಿಯಾರದ ಸಣ್ಣ ಮುಳ್ಳು ನಡುಗಿದ ಹಾಗೆ ತಿಳಿಯುತ್ತಿತ್ತು. ಆಮೇಲೆ ತಿಳಿಯಲಿಲ್ಲ.

ಹಕ್ಕಿ ಮರಿಯ ಬಾಯೊಳಗೆ ಒಮ್ಮೆ ನೋಡಿ. ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿರುತ್ತದೆ. ಅದು ಶ್ವಾಸನಾಳದ ಬಾಯಿ. ನಮಗಿರುವಂಥ ಮುಚ್ಚಳ ಅದಕ್ಕಿಲ್ಲ. ಮೇಲಿನಿಂದ ಸುರಿದದ್ದು ನೇರ ಶ್ವಾಸಕೋಶಕ್ಕೆ. ನೀರಾದರೂ ಅಷ್ಟೇ. ಹಾಲಂತೂ ಹೊಟ್ಟೆಗೇ ಹೋದರೂ ಜೀರ್ಣವಾಗದು, ಮೊಲೆಯುಣ್ಣದ ಜೀವಕ್ಕೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಎಲ್ಲಿಂದ ಬರಬೇಕು?

ಉಳಿದ ಎರಡು ಮರಿಗಳಿಗೆ ಒಂದು ಅಗಲವಾದ ತೆಂಗಿನ ಗೆರಟೆ ಕೇಳಿದೆ. ನೀರು ನಿಲ್ಲದಂತೆ ತಳಕ್ಕೆ ತೂತು ಮಾಡಿಸಿ, ಮುರಿದ ಗೂಡನ್ನು ಅದರೊಳಗೆ ಕೂರಿಸಿ, ಬೇಲಿಯಲ್ಲಿ ಉಳಿದಿದ್ದ ಗಿಡಕ್ಕೆ ಮೊದಲಿನಷ್ಟೇ ಎತ್ತರದಲ್ಲಿ ಕಟ್ಟಿದೆವು. ಬಿಸಿಲಿಗೆ ಮರೆಯಾಗಿ ಒಂದು ಅಡಕೆ ಹಾಳೆ. ಆಮೇಲಿನ ಕೆಲಸ ಕಷ್ಟದ್ದು: ಆ ಬದಿಗೆ ಯಾರೂ ಹೋಗಬಾರದು. ಹೊಸದಾಗಿ ಹಾಕಿದ ಚಪ್ಪರದಡಿ ಪಂಕ್ತಿ ಕೂರಿಸುವಂತಿಲ್ಲ ಎಂದೆ. "ಒಂದು ಹಕ್ಕಿಗೋಸ್ಕರ ಐವತ್ತು ಎಲೆ ಕಡಿಮೆ ಮಾಡುವುದೇ?" ಎಂದು ಮನೆಯ ಯಜಮಾನರು ಮುಖ ಕೆಂಪು ಮಾಡಿದರು. ಮದುವೆ ಮುಂಜಿಯ ಮನೆಯಲ್ಲಿ ಅತಿಥಿಯಾಗಿ ಹೋದವನು ಹಾಗೆ ಹೇಳಬಾರದಿತ್ತು ಎಂದು ಈಗಲೂ ಕೆಲವರು ಹೇಳುತ್ತಾರೆ. ಹೇಳಬೇಕಿತ್ತು. ಇವತ್ತಿಗೂ ಹೇಳುತ್ತೇನೆ. ಕೊನೆಗೆ ಯಜಮಾನರೇ ಎಲೆಗಳನ್ನು ಹಿಂದಿನ ಅಂಗಳಕ್ಕೆ ಹಾಕಿಸಿದರು.

ಮುಕ್ಕಾಲು ಗಂಟೆ ಕಾದೆವು. ನಾನು, ತಲೆ ಬೋಳಿಸಿಕೊಂಡು ದಂಡ ಹಿಡಿದಿದ್ದ ವಟು, ಅವನ ಇಬ್ಬರು ತಮ್ಮಂದಿರು, ಜಗಲಿಯ ಕಂಬದ ಮರೆಯಲ್ಲಿ. ತಾಯಿ ಮೊದಲು ವಿದ್ಯುತ್ ತಂತಿಯ ಮೇಲೆ ಬಂದು ಕುಳಿತಿತು, ಜುಟ್ಟು ನೆಟ್ಟಗೆ. ಕೊಕ್ಕಿನಲ್ಲಿ ಹಸಿರು ಮಿಡತೆ, ಅದರ ಒಂದು ಕಾಲು ಇನ್ನೂ ಒದೆಯುತ್ತಿತ್ತು. ದಾಸವಾಳಕ್ಕೆ ಇಳಿಯಿತು, ಮತ್ತೆ ತಂತಿಗೆ ಹೋಯಿತು. ಮೂರನೆಯ ಸಲ ಗೆರಟೆಯ ಅಂಚಿಗೆ ಬಂದು ಕುಳಿತಿತು. ಎರಡು ಕೆಂಪು ಬಾಯಿಗಳು ಮೇಲೆದ್ದವು. ಹುಡುಗ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅವನ ಉಗುರಿನ ಗುರುತು ಸಂಜೆಯವರೆಗೂ ಇತ್ತು. ಐದನೆಯ ದಿನ ಅವನದೇ ಫೋನ್: "ಮಾವ, ಎರಡೂ ಹೊರಗೆ ಬಂದು ಕೊಂಬೆಯ ಮೇಲೆ ಕುಳಿತಿವೆ."

ಹಾಗಾದರೆ ಗಾಯವಾದದ್ದಕ್ಕೆ? ಅದನ್ನೂ ಹೇಳುತ್ತೇನೆ. ರಕ್ತ ಬರುತ್ತಿದ್ದರೆ, ಒಂದು ರೆಕ್ಕೆ ನೆಲಕ್ಕೆ ಜೋತಿದ್ದರೆ, ಕಾಲೂರಲು ಆಗದಿದ್ದರೆ, ಮೈಯಲ್ಲಿ ಇರುವೆ ಹತ್ತಿದ್ದರೆ, ಬೆಕ್ಕು ಕಚ್ಚಿದ್ದರೆ, ಆಗ ಮಾತ್ರ ಒಳಗೆ ತನ್ನಿ. ಕತ್ತಲೆ, ಮೌನ, ಬೆಚ್ಚಗೆ, ಈ ಮೂರೇ ಪ್ರಥಮ ಚಿಕಿತ್ಸೆ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ, ಸೆಕೆಯಾದರೆ ಮರಿ ಆಚೆ ಸರಿಯಲಿ. ಮೈ ತಣ್ಣಗಿರುವ ಮರಿಗೆ ಯಾವ ಆಹಾರವೂ ಒಗ್ಗುವುದಿಲ್ಲ. ಬೆಕ್ಕಿನ ಹಲ್ಲು ತಾಗಿದ್ದರೆ ಗಾಯ ಕಾಣದಿದ್ದರೂ ಅದೇ ದಿನ ಪಶುವೈದ್ಯರ ಬಳಿಗೆ ಹೋಗಬೇಕು. ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಎರಡು ಮೂರು ದಿನದಲ್ಲಿ ಮರಿ ಹೋಗುತ್ತದೆ. ಮೊದಲ ದಿನ ಚುರುಕಾಗಿತ್ತು, ಬೆಳಿಗ್ಗೆ ನೋಡಿದರೆ ಸತ್ತಿತ್ತು ಎಂದು ನೀವು ಹೇಳುವುದು ಇಂಥದ್ದನ್ನೇ.

ಔಷಧದ ಪ್ರಮಾಣ ಮಾತ್ರ ಫೋನಿನಲ್ಲಿ ಕೇಳಬೇಡಿ. ಎಷ್ಟು ಬೇಡಿಕೊಂಡರೂ ಹೇಳುವುದಿಲ್ಲ. ಬೆಳೆದ ಪಿಕಳಾರವೇ ಸುಮಾರು 30 ಗ್ರಾಂ ತೂಗುತ್ತದೆ, ನಿಮ್ಮ ಹಟ್ಟಿಯ ದನ 300 ಕಿಲೋ. ಹತ್ತು ಸಾವಿರ ಪಟ್ಟು ವ್ಯತ್ಯಾಸ. ದನಕ್ಕೆಂದು ತಂದಿಟ್ಟ ಬಾಟಲಿಯಿಂದ ಅಂದಾಜಿಗೆ ಒಂದು ಹನಿ ಹಾಕುವುದೆಂದರೆ ಕೊಲ್ಲುವುದೇ.

'ಏನು ಕೊಡಬೇಕು' ಎನ್ನುವವರು ಯಾವ ಹಕ್ಕಿ ಎಂದು ಹೇಳುವುದೂ ಇಲ್ಲ. ಬೆಳವದ ಮರಿ ಬಾಯಿ ತೆರೆದು ಬೇಡುವುದಿಲ್ಲ, ತಾಯಿಯ ಬಾಯೊಳಗೆ ಕೊಕ್ಕಿಟ್ಟು ಉಣ್ಣುತ್ತದೆ. ಗೂಬೆಗೆ ಮಾಂಸ ಬೇಕು. ಪಿಕಳಾರಕ್ಕೂ ಮಡಿವಾಳ ಹಕ್ಕಿಗೂ ಹುಳ ಬೇಕು, ಅದೂ ಬೆಳಗಾದಲ್ಲಿಂದ ಕತ್ತಲಾಗುವವರೆಗೆ ಅರ್ಧ ಗಂಟೆಗೊಮ್ಮೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಮೊಟ್ಟೆಯೂ ಬರುವುದಿಲ್ಲ, ಇನ್ನು ಮಿಡತೆಯ ಕಾಲು ಮುರಿದು ತಿನ್ನಿಸುವವರು ಯಾರು? ಅದಕ್ಕೇ ಹೇಳುವುದು, ತಾಯಿ ಮಾಡುವ ಕೆಲಸವನ್ನು ತಾಯಿಗೇ ಬಿಡಿ. ತಾಯಿ ಇಲ್ಲವೆಂದು ಖಚಿತವಾದರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕುವಂತಿಲ್ಲ. ಕೈಗೆ ಬಂದುದನ್ನು 48 ಗಂಟೆಯೊಳಗೆ ತಿಳಿಸಬೇಕು. ಪಂಜರದ ಗಿಳಿಗೂ ಇದೇ ಕಾಯ್ದೆ. ಅಡ್ಯನಡ್ಕದವರು ಕರ್ನಾಟಕದ ಕಚೇರಿಗೆ ಹೇಳಬೇಕು, ಪೆರ್ಲದವರು ಕೇರಳದ್ದಕ್ಕೆ. ಇಲ್ಲಿ ಫೋನೆತ್ತಿದವರಿಗೆ ಪಿಕಳಾರ ಎಂದರೆ ತಿಳಿಯದಿದ್ದರೆ ಮಲಯಾಳದಲ್ಲಿ 'ಇರಟ್ಟತ್ತಲಚ್ಚಿ' ಎನ್ನಿ, ಕೆಂಬೂತಕ್ಕೆ 'ಚೆಂಬೋತ್ತ್'. ಭಾಷೆ ಬಾರದೆಂದು ಹಿಂಜರಿದು ಎರಡು ದಿನ ಕಳೆಯುವುದು ಬೇಡ.

ಇಷ್ಟೆಲ್ಲ ಮಾಡಿದರೂ ಸಾಯುವುದುಂಟು. ನನ್ನ ಕೈಯಲ್ಲೇ ಬಹಳ ಸತ್ತಿವೆ. ಮಕ್ಕಳಿರುವ ಮನೆಯವರು "ಹಾರಿ ಹೋಯಿತು ಎಂದು ಹೇಳಲೇ?" ಎಂದು ಕೇಳುತ್ತಾರೆ. ಬೇಡ. ಸತ್ತಿತು ಎಂದೇ ಹೇಳಿ, ಮಕ್ಕಳ ಜೊತೆ ತೆಂಗಿನ ಬುಡದಲ್ಲಿ ಹುಗಿಯಿರಿ.

ನನಗೆ ಇಷ್ಟವಾದ ಪ್ರಶ್ನೆ ಬಂದದ್ದು ಒಂದೇ ಸಲ. ಉಪನಯನವಾದ ಮರುವರ್ಷ ಮಾರ್ಚಿನಲ್ಲಿ ಅದೇ ಹುಡುಗ ಫೋನ್ ಮಾಡಿದ್ದ. "ಮಾವ, ಅಪ್ಪ ನಾಳೆ ಬೇಲಿ ಸವರಿಸುತ್ತಾರಂತೆ. ಒಳಗೆ ಗೂಡು ಇದೆಯೋ ಇಲ್ಲವೋ ಹೇಗೆ ನೋಡುವುದು?" ನಾನು ಎದ್ದು ಕುಳಿತೆ. ಬೆಳಿಗ್ಗೆ ಸ್ವಲ್ಪ ದೂರದಲ್ಲಿ ಅಲುಗದೆ ಕುಳಿತುಕೋ ಎಂದೆ. ಹಕ್ಕಿ ಕೊಕ್ಕಿನಲ್ಲಿ ನಾರು ಹಿಡಿದು ಹೊಕ್ಕರೆ ಗೂಡು ಕಟ್ಟುತ್ತಿದೆ, ಹುಳ ಹಿಡಿದು ಹೊಕ್ಕರೆ ಮರಿಯಿದೆ. ಗಿಡದೊಳಗೆ ಕೈ ಹಾಕಬೇಡ, ಕೊಂಬೆ ಎಳೆದು ನೋಡಬೇಡ, ನೀನು ಹೋದ ದಾರಿಯನ್ನು ಕಾಗೆ ನೋಡುತ್ತಿರುತ್ತದೆ. ಮೊಟ್ಟೆಗೆ ಹನ್ನೆರಡು ದಿನ, ಮರಿಗೆ ಸುಮಾರು ಅಷ್ಟೇ. ಒಂದು ತಿಂಗಳು ಕತ್ತಿ ಮುಟ್ಟದಿದ್ದರೆ ಆಯಿತು. ಅಡಕೆಗೆ ಮದ್ದು ಬಿಡುವವರಿಗೂ, ಕಾಳುಮೆಣಸಿನ ಬಳ್ಳಿ ಇಳಿಸುವವರಿಗೂ ಇದನ್ನೇ ಹೇಳು, ಮೊದಲು ಒಮ್ಮೆ ತಲೆಯೆತ್ತಿ ನೋಡಲಿ ಎಂದೆ. ಮರುದಿನ ಸಂಜೆ ಅವನು ತಿಳಿಸಿದ: ಬೇಲಿಯ ಮೂರು ಗಿಡ ಬಿಟ್ಟು ಉಳಿದದ್ದನ್ನು ಸವರಿದ್ದಾರೆ, ಆ ಮೂರರ ಸುತ್ತ ಅಪ್ಪ ತಾವೇ ಹಗ್ಗ ಕಟ್ಟಿದ್ದಾರೆ.

ನನ್ನ ನಂಬರು ಇದ್ದವರು ಫೋನ್ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಮನೆಗೆ ತಂದ ಮೇಲೆ ಮಾಡಬೇಡಿ. ಮರಿ ಬಿದ್ದಿರುವ ಜಾಗದಲ್ಲೇ ನಿಂತುಕೊಂಡು ಮಾಡಿ.