ಎಲೆಯಲ್ಲಿ ವಿಷ ಇರಲಿ, ಕಾಳಿನಲ್ಲಿ ಬೇಡ

ನವಲಗುಂದದ ಕಡೆ ನಮ್ಮದು ಎರೆ ಹೊಲ. ಅಲ್ಲಿ ಎಮ್ಮೆಗೆ ಹತ್ತಿಕಾಳು ನೆನೆಸಿಡದ ಮನೆ ಕಡಿಮೆ. ಈ ಸಲ ಊರಿಗೆ ಹೋದಾಗ ತಮ್ಮನ ಮಗಳು ಕೇಳಿದಳು: "ಅತ್ತಿ, ಎಮ್ಮಿ ತಿಂತೈತಿ, ನಾವ್ಯಾಕ ತಿನ್ನಂಗಿಲ್ಲ?"

ನಾನು ಹುಬ್ಬಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಕಲಿಸುತ್ತೇನೆ. ಈ ಪ್ರಶ್ನೆಯ ಬೆನ್ನು ಹತ್ತಿದರೆ ನನಗೆ ತುಂಬಾ ಇಷ್ಟವಾದ ಪಾಠಕ್ಕೇ ಹೋಗಿ ಮುಟ್ಟುತ್ತೇವೆ: ಆರ್‌ಎನ್‌ಎ ಎಂಬ ಅಣು ಜೀನಿನ ಕೆಲಸವನ್ನು ತಡೆಯುವ ಪಾಠ.

ಹತ್ತಿಕಾಳಿನಲ್ಲಿ ಒಳ್ಳೆ ಪ್ರೋಟೀನ್ ಇದೆ, ಸುಮಾರು 23%. ಜೊತೆಗೆ ಗಾಸಿಪಾಲ್ ಅನ್ನೋ ವಿಷವೂ ಇದೆ. ಮೆಲುಕು ಹಾಕುವ ಎಮ್ಮೆ, ಆಕಳು ಅದನ್ನು ಒಂದು ಮಟ್ಟಿಗೆ ತಾಳಿಕೊಳ್ಳುತ್ತವೆ. ನಮಗೆ, ಕೋಳಿಗೆ ಆಗುವುದಿಲ್ಲ. ಗಾಸಿಪಾಲ್ ಇಲ್ಲದ ತಳಿ ಬೆಳೆಸಿದರಾಯ್ತು ಅಲ್ವಾ? ಅದನ್ನೂ ಹಿಂದೆಯೇ ಮಾಡಿ ನೋಡಿದ್ದಾರೆ. ಎಲೆಯಲ್ಲೂ ವಿಷ ಇಲ್ಲದ ಆ ಗಿಡಗಳನ್ನು ಹುಳ ಬಿಡಲಿಲ್ಲ.

2006ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೀರ್ತಿ ರಾಥೋರ್ ಅವರ ತಂಡ ಬೇರೆ ದಾರಿ ಹಿಡಿಯಿತು. ಗಾಸಿಪಾಲ್ ತಯಾರಾಗಲು ಬೇಕಾದ ಜೀನನ್ನು ಇದ್ದ ಹಾಗೇ ಬಿಟ್ಟರು. ಅದಕ್ಕೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎ ಕಾಳಿನಲ್ಲಿ ಮಾತ್ರ ಹುಟ್ಟುವಂತೆ ಮಾಡಿದರು. ಡೈಸರ್ ಎಂಬ ಕಿಣ್ವ ಆ ಆರ್‌ಎನ್‌ಎಯನ್ನು 21 ಅಕ್ಷರದ (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿಯನ್ನು ಅಕ್ಷರ ಅನ್ನುತ್ತೇವೆ) ಆಸುಪಾಸಿನ ತುಂಡುಗಳಾಗಿ ಕತ್ತರಿಸುತ್ತದೆ. ತುಂಡಿನ ಒಂದು ಎಳೆ ಆರ್ಗೊನಾಟ್ ಎಂಬ ಪ್ರೋಟೀನಿನೊಳಗೆ ಕೂರುತ್ತದೆ. ತನಗೆ ಹೊಂದುವ, ಜೀನಿನ ಸಂದೇಶ ಒಯ್ಯುವ ಮೆಸೆಂಜರ್ ಆರ್‌ಎನ್‌ಎ ಸಿಕ್ಕರೆ ಅದನ್ನು ಅಲ್ಲೇ ಕತ್ತರಿಸಿ ಹಾಕಿಸುತ್ತದೆ. ಜೀನ್ ಇದೆ, ಅದರ ಕೆಲಸ ಮಾತ್ರ ನಡೆಯುವುದಿಲ್ಲ. ಎಲೆಯಲ್ಲಿ ಗಾಸಿಪಾಲ್ ಉಳಿಯಿತು, ಕಾಳಿನಲ್ಲಿ ತೀರಾ ಕಡಿಮೆಯಾಯಿತು. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯೂ ಈ ಹತ್ತಿಕಾಳನ್ನು ತಿನ್ನಬಹುದು ಎಂದಿತು.

ನಮ್ಮ ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಹೀಗೆ ಆರ್‌ಎನ್‌ಎಯಿಂದ ಜೀನ್ ತಡೆಯುವುದಕ್ಕೆ ಕೊಟ್ಟಿರುವುದು ತಂಬಾಕಿನ ಬೇರಿನ ಹುಳದ ಉದಾಹರಣೆ. ತಪ್ಪೇನಿಲ್ಲ. ಆದರೆ ಹತ್ತಿ ನೋಡಿ ಬೆಳೆದ ಮಕ್ಕಳಿಗೆ ಹತ್ತಿಯಿಂದಲೇ ಹೇಳಬೇಕು ಅನ್ನುವುದು ನನ್ನ ಹಟ.

ಈ ಉಪಾಯ ಮನುಷ್ಯ ಹೊಸದಾಗಿ ಕಟ್ಟಿದ್ದಲ್ಲ. ಗಿಡ, ಹುಳ, ನಾವು ಎಲ್ಲರ ಮೈಯಲ್ಲೂ ಈ ಏರ್ಪಾಡು ಮೊದಲಿನಿಂದ ಇದೆ. 1993ರಲ್ಲಿ ವಿಜ್ಞಾನಿ ವಿಕ್ಟರ್ ಆಂಬ್ರೋಸ್ ಅವರ ತಂಡ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಲಿನ್-4 ಎಂಬ ಪುಟ್ಟ ಆರ್‌ಎನ್‌ಎ ಕಂಡಿತು. ಬರೀ 22 ಅಕ್ಷರ. ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಇನ್ನೊಂದು ಜೀನಿನ ಮೆಸೆಂಜರ್ ಮೇಲೆ ಕೂತು ಅದನ್ನು ತಡೆಯುವುದೇ ಅದರ ಕೆಲಸ. ಇದನ್ನು ತೋರಿಸುವಲ್ಲಿ ಗ್ಯಾರಿ ರವ್‌ಕನ್ ಅವರ ತಂಡದ ಪಾಲೂ ಇದೆ. ಲಿನ್-4 ಇಲ್ಲದಿದ್ದರೆ ಮರಿಹುಳ ಮುಂದಿನ ಹಂತಕ್ಕೆ ಹೋಗದೆ ಮೊದಲ ಹಂತವನ್ನೇ ಮತ್ತೆ ಮತ್ತೆ ಮಾಡುತ್ತದೆ. ಇದು ಹುಳಕ್ಕಷ್ಟೇ ಸೇರಿದ್ದು ಎಂದು ಜನ ಸುಮ್ನಿದ್ದರು. 2000ದಲ್ಲಿ ಲೆಟ್-7 ಎಂಬ ಇನ್ನೊಂದು ಸಿಕ್ಕಿತು. ಅದು ಮನುಷ್ಯನಲ್ಲೂ ಇತ್ತು! ಆಂಬ್ರೋಸ್, ರವ್‌ಕನ್ ಇಬ್ಬರಿಗೂ 2024ರಲ್ಲಿ ನೊಬೆಲ್ ಬಂತು.

ಆ ಹುಳಕ್ಕೂ ನಮಗೂ ಪ್ರೋಟೀನ್ ಮಾಡಿಸುವ ಜೀನುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ, ಸುಮಾರು 20,000. ಮೊಟ್ಟೆ-ವೀರ್ಯದ ಕೋಶ ಬಿಟ್ಟರೆ ಹುಳಕ್ಕಿರುವುದು ಸುಮಾರು ಸಾವಿರ ಜೀವಕೋಶ, ಆದರೂ. ಯಾವ ಜೀನ್ ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕು ಎಂಬ ಲೆಕ್ಕದಲ್ಲೇ ವ್ಯತ್ಯಾಸ ಜಾಸ್ತಿ. ಆ ಲೆಕ್ಕದಲ್ಲಿ ಆರ್‌ಎನ್‌ಎಗೆ ದೊಡ್ಡ ಪಾಲಿದೆ.

ರಾಥೋರ್ ಅವರ ಹತ್ತಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಿತ್ತಿದ ಮೇಲಿನ ಸಂಗತಿ. ಗಾಸಿಪಾಲ್ ತೀರಾ ಕಡಿಮೆ ಇರುವ ಆ ಕಾಳು ಮೊಳಕೆಯೊಡೆದರೆ ಸಸಿಯ ಎಳೆ ಭಾಗಗಳಲ್ಲಿ ಮತ್ತೆ ಗಾಸಿಪಾಲ್ ತಯಾರಾಗುತ್ತದೆ. ತಡೆ ಇದ್ದದ್ದು ಕಾಳಿಗೆ ಮಾತ್ರ. ಜೀನ್ ಎಲ್ಲೂ ಹೋಗಿರಲಿಲ್ಲ.